ಬಿಸಿಲಿಗೆ ಮಾಸದ ಸ್ಟಿಕ್ಕರ್: ಶಾಯಿ, ಯಂತ್ರದ ಆಯ್ಕೆ ಹೇಗೆ?

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಡದಲ್ಲಿರುವ ಘತ್ತರಗಿ, ಭಾಗ್ಯವಂತಿ ದೇವಿಯ ಕ್ಷೇತ್ರವಾಗಿ ಹೆಸರಾಗಿದೆ. ದೇವಿಯ ಹೆಸರು ಅಥವಾ ಚಿತ್ರವನ್ನು ಹೊತ್ತ ವಾಹನಗಳು ಈ ಭಾಗದ ರಸ್ತೆಗಳಲ್ಲಿ ಸಾಮಾನ್ಯ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಇಲ್ಲಿನ ಬಿಸಿಲು ಸ್ಟಿಕ್ಕರ್‌ಗಳ ಪಾಲಿಗೆ ಕಠಿಣ ಪರೀಕ್ಷೆ. ದೇವಿಯ ಹಣೆಯ ಕುಂಕುಮ ಮಾಸಿ, ಚಿತ್ರವೆಲ್ಲ ನೀಲಿಗಟ್ಟಿತೆಂದರೆ ಹಣ ಕೊಟ್ಟ ಭಕ್ತನಿಗೂ ಬೇಸರ, ಅಂಟಿಸಿಕೊಟ್ಟ ಅಂಗಡಿಗೂ ಕೆಟ್ಟ ಹೆಸರು.

ಬಣ್ಣ ಮಾಸುವುದೇಕೆ?

ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಶಾಯಿಯ ಬಣ್ಣದ ಕಣಗಳನ್ನು ಒಡೆಯುತ್ತವೆ. ನಾಲ್ಕು ಬಣ್ಣದ ಮುದ್ರಣದಲ್ಲಿ ಹಳದಿ ಮತ್ತು ಕೆನ್ನೇರಳೆ ಛಾಯೆಯ ಕೆಂಪು ಸಾಮಾನ್ಯವಾಗಿ ಮೊದಲು ಸೋಲುತ್ತವೆ. ನೀಲಿ ಮತ್ತು ಕಪ್ಪು ಹೆಚ್ಚು ಕಾಲ ನಿಲ್ಲುತ್ತವೆ. ಹಳೆಯ ಚಿತ್ರಗಳು ನೀಲಿಯಾಗಿ ಕಾಣಲು ಇದೇ ಕಾರಣ.

ಶಾಯಿಯ ಬಗೆಗಳು

ಮನೆ, ಕಚೇರಿಗಳ ಅನೇಕ ಇಂಕ್‌ಜೆಟ್ ಪ್ರಿಂಟರ್‌ಗಳಲ್ಲಿ ಬಳಸುವುದು ನೀರಿನಲ್ಲಿ ಕರಗಿದ ಡೈ ಶಾಯಿ. ಇದು ಸಾಮಾನ್ಯ ವಿನೈಲ್ ಮೇಲೆ ಸರಿಯಾಗಿ ಒಣಗುವುದಿಲ್ಲ. ಮಳೆಗೆ ಹರಡುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣವು ಘನ ಕಣಗಳ ರೂಪದಲ್ಲಿರುವುದರಿಂದ ಬಾಳಿಕೆ ಹೆಚ್ಚು. ಆದರೆ ಅದಕ್ಕೂ ವಿಶೇಷ ಲೇಪನವಿರುವ ಹಾಳೆ ಮತ್ತು ಮೇಲೆ ಲ್ಯಾಮಿನೇಷನ್ ಬೇಕು.

ವಾಹನಗಳಿಗೆ ಹೆಚ್ಚಾಗಿ ಒಪ್ಪುವುದು ಇಕೋ-ಸಾಲ್ವೆಂಟ್ ಯಂತ್ರ. ಇದರ ಶಾಯಿ ವಿನೈಲ್‌ನ ಮೇಲ್ಪದರವನ್ನು ತುಸು ಕರಗಿಸಿ ಅದರಲ್ಲಿಯೇ ಬೇರೂರುತ್ತದೆ. 2008ರಲ್ಲಿ ಎಚ್‌ಪಿ ಸಂಸ್ಥೆ ಪರಿಚಯಿಸಿದ ಲೇಟೆಕ್ಸ್ ಶಾಯಿ ನೀರಿನ ಆಧಾರದ್ದಾಗಿದ್ದು, ಯಂತ್ರದೊಳಗಿನ ಶಾಖದಿಂದ ಗಟ್ಟಿಯಾಗುತ್ತದೆ. ಮುದ್ರಿಸಿದ ಕೂಡಲೇ ಲ್ಯಾಮಿನೇಷನ್ ಮಾಡಬಹುದು. ಯುವಿ ಶಾಯಿಯೂ ಬೆಳಕು ಬಿದ್ದೊಡನೆ ಗಟ್ಟಿಯಾಗುವುದಾದರೂ, ಪದರ ದಪ್ಪವಾಗಿದ್ದು ತೀವ್ರ ತಿರುವುಗಳ ಮೇಲೆ ಎಳೆದಾಗ ಬಿರುಕು ಬಿಡುವ ಸಂಭವವಿದೆ.

ಹಾಳೆಯೂ ಮುಖ್ಯ

ಉತ್ತಮ ಶಾಯಿಯನ್ನು ಕಳಪೆ ಹಾಳೆಯ ಮೇಲೆ ಹಾಕಿದರೆ ಪ್ರಯೋಜನವಿಲ್ಲ. ಉರುಳೆಗಳ ನಡುವೆ ಒತ್ತಿ ತಯಾರಿಸುವ ಕ್ಯಾಲೆಂಡರ್ಡ್ ವಿನೈಲ್ ಸಾಮಾನ್ಯವಾಗಿ 75ರಿಂದ 100 ಮೈಕ್ರಾನ್ ದಪ್ಪವಿದ್ದು, ಅಗ್ಗದ ಬಗೆಯವು ಶಾಖಕ್ಕೆ ಕುಗ್ಗಿ ಅಂಚು ಎದ್ದುಬಿಡುತ್ತವೆ. ದ್ರವರೂಪದಲ್ಲಿ ಎರೆದು ತಯಾರಿಸುವ ಸುಮಾರು 50 ಮೈಕ್ರಾನ್‌ನ ಕಾಸ್ಟ್ ವಿನೈಲ್ ಕುಗ್ಗುವುದು ಕಡಿಮೆ, ಆದರೆ ಬೆಲೆ ಹೆಚ್ಚು. ಸಮತಟ್ಟಾದ ಬಾಗಿಲಿಗೆ ಉತ್ತಮ ದರ್ಜೆಯ ಕ್ಯಾಲೆಂಡರ್ಡ್ ಸಾಕು; ತಿರುವುಗಳಿಗೆ ಕಾಸ್ಟ್ ಲೇಸು.

ತಯಾರಕರು ಹೇಳುವ ಬಾಳಿಕೆಯ ವರ್ಷಗಳು ಸಾಮಾನ್ಯವಾಗಿ ನೇರವಾಗಿ ನಿಂತ ಮೇಲ್ಮೈಯನ್ನು ಆಧರಿಸಿದವು. ಬಾನೆಟ್ ಮತ್ತು ಛಾವಣಿಯ ಮೇಲೆ, ಅದರಲ್ಲೂ ಬಿಸಿಲ ನಾಡಿನಲ್ಲಿ, ಅಷ್ಟು ಕಾಲ ನಿರೀಕ್ಷಿಸುವಂತಿಲ್ಲ.

ಅಕ್ಷರಕ್ಕೆ ಶಾಯಿ ಬೇಕೇ?

ಬರಿಯ ಹೆಸರು ಅಥವಾ ಒಂದೇ ಬಣ್ಣದ ಗುರುತಾದರೆ ಮುದ್ರಣದ ಅಗತ್ಯವೇ ಇಲ್ಲ. ಬಣ್ಣದ ವಿನೈಲನ್ನು ಪ್ಲಾಟರ್ ಯಂತ್ರದಲ್ಲಿ ಕತ್ತರಿಸಿ ಅಂಟಿಸಿದರೆ, ಬಣ್ಣ ಹಾಳೆಯ ಉದ್ದಗಲ, ದಪ್ಪಕ್ಕೂ ಬೆರೆತಿರುವುದರಿಂದ ಗೀಚಿದರೂ ಅಳಿಯುವುದಿಲ್ಲ. ಜನ ‘ರೇಡಿಯಂ’ ಎಂದು ಕರೆಯುವ ಸ್ಟಿಕ್ಕರ್ ಕೆಲಸ ಬಹುಪಾಲು ಇದೇ ಬಗೆಯದು. ಅದರಲ್ಲಿ ರೇಡಿಯಂ ಲೋಹವಿರುವುದಿಲ್ಲ. ಬೆಳಕನ್ನು ಹಿಂತಿರುಗಿಸುವ ಹಾಳೆಗೆ ಆ ಹೆಸರು ಅಂಟಿಕೊಂಡಿದೆ, ಅಷ್ಟೆ.

ಆದ್ದರಿಂದ ಸಣ್ಣ ಊರಿನ ಅಂಗಡಿಯವರು ಸಾಲ ಮಾಡಿ ದೊಡ್ಡ ಮುದ್ರಣ ಯಂತ್ರ ತರುವ ಮುನ್ನ ಯೋಚಿಸುವುದು ಒಳಿತು. ಸಾಲ್ವೆಂಟ್ ಯಂತ್ರ ಕೆಲಸವಿಲ್ಲದೆ ನಿಂತರೆ ಅದರ ಹೆಡ್‌ನಲ್ಲಿ ಶಾಯಿ ಕಟ್ಟಿಕೊಳ್ಳುತ್ತದೆ. ಪ್ಲಾಟರ್ ಒಂದನ್ನು ಇಟ್ಟುಕೊಂಡು, ಬಣ್ಣದ ಚಿತ್ರಗಳನ್ನು ಕಲಬುರಗಿಯಂತಹ ನಗರದಲ್ಲಿ ಮುದ್ರಿಸಿ ತರುವುದು ನಷ್ಟ ಕಡಿಮೆಯ ದಾರಿ.

ಅಂಟಿಸುವಾಗ

ಇಕೋ-ಸಾಲ್ವೆಂಟ್ ಮುದ್ರಣವನ್ನು ಕನಿಷ್ಠ 24 ಗಂಟೆ ಒಣಗಲು ಬಿಟ್ಟು, ಬಳಿಕ ನೇರಳಾತೀತ ಕಿರಣ ತಡೆಯುವ ಲ್ಯಾಮಿನೇಷನ್ ಹಾಕಬೇಕು. ಕಾಸ್ಟ್ ಹಾಳೆಗೆ ಕಾಸ್ಟ್ ಲ್ಯಾಮಿನೇಷನ್ನೇ ಸರಿಜೋಡಿ. ಕಪ್ಪು ಮಣ್ಣಿನ ದೂಳು, ಎಣ್ಣೆಯ ಜಿಡ್ಡನ್ನು ಪೂರ್ತಿ ಒರೆಸಿ, ನೆರಳಿನಲ್ಲಿ, ಬೆಳಗಿನ ತಂಪಿನಲ್ಲಿ ಅಂಟಿಸಬೇಕು. ಮಧ್ಯಾಹ್ನದ ಕಾದ ತಗಡಿನ ಮೇಲೆ ಅಂಟು ಮುಟ್ಟಿದೊಡನೆ ಹಿಡಿದು ಗುಳ್ಳೆಗಳು ಉಳಿಯುತ್ತವೆ.

ಶಾಯಿ, ಹಾಳೆ, ಲ್ಯಾಮಿನೇಷನ್ ಮೂರರಲ್ಲಿ ಯಾವುದು ದುರ್ಬಲವೋ ಅದರ ಆಯುಷ್ಯವೇ ಸ್ಟಿಕ್ಕರ್‌ನ ಆಯುಷ್ಯ. ಗ್ರಾಹಕರು ದರ ಕೇಳುವ ಮುನ್ನ ಈ ಮೂರನ್ನೂ ಕೇಳಿ ತಿಳಿಯುವುದು ಉತ್ತಮ.