ಗಾಜಿನ ಪೆಟ್ಟಿಗೆಯ ಹಲ್ಲಿಯೂ ಶ್ರಾವಕನ ಅಣುವ್ರತವೂ

ನಮ್ಮ ಮನೆಗಳ ಗೋಡೆಗೆ ಹಲ್ಲಿ ಹೊಸತಲ್ಲ. ಅದು ಲೊಚಗುಟ್ಟಿದರೆ ಆಡಿದ ಮಾತು ಸತ್ಯವೆಂದು ನಂಬುವವರಿದ್ದಾರೆ. ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಶಕುನಫಲ ನೋಡುವವರಿದ್ದಾರೆ. ಆದರೆ ಹಲ್ಲಿಯನ್ನು ಹಿಡಿದು, ಕೂಡಿಹಾಕಿ, ಉಣಿಸಿ ಸಾಕಬೇಕೆಂಬ ಆಲೋಚನೆ ನಮ್ಮ ಹಿರಿಯರಿಗೆ ಬಂದಂತಿಲ್ಲ. ಇದೇ ಹಲ್ಲಿಯ ಕುಲಕ್ಕೆ ಸೇರಿದ, ‘ಗೆಕ್ಕೊ’ ಎಂದು ಕರೆಯಲ್ಪಡುವ ಬಣ್ಣಬಣ್ಣದ ವಿರಳ ಜೀವಿಗಳನ್ನು ಟೆರೇರಿಯಂ ಎಂಬ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸ ಯುರೋಪು ಅಮೆರಿಕಗಳಲ್ಲಿ ಬೇರೂರಿದೆ; ನಮ್ಮ ದೇಶದ ದೊಡ್ಡ ನಗರಗಳಲ್ಲೂ ತಲೆದೋರಿದೆ. ಸಾಕುವವರು ಕ್ರೂರಿಗಳಲ್ಲ; ಬಹುಮಂದಿ ಪ್ರಾಣಿಪ್ರಿಯರೇ. ಆದುದರಿಂದಲೇ ಈ ಹವ್ಯಾಸದ ಇತಿಹಾಸವನ್ನು ಅಹಿಂಸಾಣುವ್ರತದ ಬೆಳಕಿನಲ್ಲಿ ಪರಾಮರ್ಶಿಸುವುದು ಉಚಿತವೆನಿಸುತ್ತದೆ.

ಗಾಜಿನ ಪೆಟ್ಟಿಗೆಯ ಕಥೆ ಲಂಡನ್ನಿನಲ್ಲಿ ಆರಂಭವಾಗುತ್ತದೆ. ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಎಂಬ ವೈದ್ಯನು 1829ರಲ್ಲಿ ಒಂದು ಪತಂಗದ ಕೋಶವನ್ನು ತೇವದ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದನು. ಕೋಶ ಒಡೆದು ಪತಂಗ ಹೊರಬರುವುದನ್ನು ನೋಡಬೇಕೆಂಬುದು ಅವನ ಅಪೇಕ್ಷೆ. ಅಷ್ಟರಲ್ಲಿ ಆ ಮಣ್ಣಿನಿಂದ ಒಂದು ಜರೀಗಿಡವೂ ಒಂದು ಹುಲ್ಲಿನ ಎಳೆಯೂ ತಾವಾಗಿ ಚಿಗುರಿದವು. ಒಳಗಿನ ತೇವ ಆವಿಯಾಗಿ ಮೇಲೇರಿ, ಗಾಜಿಗೆ ತಗುಲಿ ಮತ್ತೆ ನೀರಾಗಿ ಮಣ್ಣಿಗಿಳಿಯುತ್ತಿದ್ದುದರಿಂದ ಹೊರಗಿನಿಂದ ನೀರೆರೆಯುವ ಅಗತ್ಯವೇ ಬೀಳಲಿಲ್ಲ. ಈ ತತ್ತ್ವದ ಮೇಲೆ ಮಾಡಿದ ಪೆಟ್ಟಿಗೆಗಳಲ್ಲಿ 1833ರಲ್ಲಿ ಸಸ್ಯಗಳು ಹಡಗಿನ ಮೂಲಕ ಸಿಡ್ನಿಯವರೆಗೆ ಸುರಕ್ಷಿತವಾಗಿ ತಲುಪಿದವು. 1842ರಲ್ಲಿ ವಾರ್ಡ್ ಈ ವಿಷಯವಾಗಿ ಪುಸ್ತಕ ಬರೆದನು. 1849ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸರೀಸೃಪಗಳಿಗಾಗಿಯೇ ಒಂದು ಮನೆ ತೆರೆಯಿತು. ಗಿಡಗಳ ಪೆಟ್ಟಿಗೆ ಕ್ರಮೇಣ ಕಪ್ಪೆ ಹಲ್ಲಿಗಳ ವಾಸವೂ ಆಯಿತು. ಒಂದು ಕೀಟ ಜೀವಂತವಾಗಿ ಹೊರಬರಲೆಂದು ಮುಚ್ಚಿಟ್ಟ ಗಾಜಿನೊಳಕ್ಕೆ, ಮುಂದೆ ಕೀಟಗಳನ್ನು ಆಹಾರವಾಗಲೆಂದೇ ಹಾಕುವ ಕಾಲ ಬಂದಿತು.

ಇನ್ನು ವಿರಳತೆಯ ವಿಚಾರ. ಆಸ್ಟ್ರೇಲಿಯಾದ ಪೂರ್ವಕ್ಕೆ ನ್ಯೂ ಕ್ಯಾಲಿಡೋನಿಯಾ ಎಂಬ ದ್ವೀಪಸಮೂಹವಿದೆ. ಅಲ್ಲಿಯ ಒಂದು ಗೆಕ್ಕೊವನ್ನು 1866ರಲ್ಲಿ ಗಿಶನೋ ಎಂಬ ಫ್ರೆಂಚ್ ವಿದ್ವಾಂಸನು ವರ್ಣಿಸಿದನು. ಕಣ್ಣಿನ ಮೇಲೆ ರೆಪ್ಪೆಗೂದಲಿನಂತಹ ಮುಳ್ಳಿನ ಸಾಲು, ಅಲ್ಲಿಂದ ಬೆನ್ನಿನತ್ತ ಇಳಿಯುವ ಏಣು. ಆದುದರಿಂದ ಇದಕ್ಕೆ ‘ಕ್ರೆಸ್ಟೆಡ್ ಗೆಕ್ಕೊ’ ಎಂದು ಹೆಸರು. ಮುಂದೆ ಬಹುಕಾಲ ಅದು ಯಾರ ಕಣ್ಣಿಗೂ ಬೀಳದೆ, ವಂಶವೇ ಅಳಿಯಿತೆಂದು ಭಾವಿಸಲಾಗಿತ್ತು. 1994ರಲ್ಲಿ ಒಂದು ಬಿರುಗಾಳಿಯ ತರುವಾಯ ಜರ್ಮನ್ ಶೋಧಕರಿಗೆ ಅದು ಪುನಃ ಕಾಣಿಸಿತು. ಅಲ್ಲಿಂದ ಹೊರಬಂದ ಕೆಲವೇ ಜೀವಿಗಳ ಸಂತತಿ ಇಂದು ಲೋಕದ ಅಸಂಖ್ಯ ಮನೆಗಳಲ್ಲಿದೆ. ಈಗ ಮಾರಾಟವಾಗುವ ಕ್ರೆಸ್ಟೆಡ್ ಗೆಕ್ಕೊಗಳು ಬಹುತೇಕ ಪೆಟ್ಟಿಗೆಯಲ್ಲೇ ಹುಟ್ಟಿದವು, ಕಾಡಿನಿಂದ ಹಿಡಿದವಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆದರೆ ಪೆಟ್ಟಿಗೆಯಲ್ಲಿ ಸಂಖ್ಯೆ ಬೆಳೆದ ಮಾತ್ರಕ್ಕೆ ಕಾಡಿನಲ್ಲಿ ಅದರ ಭಯ ತಪ್ಪಲಿಲ್ಲ. ಹೊರಗಿನಿಂದ ಬಂದು ಸೇರಿದ ಬೆಂಕಿ ಇರುವೆ, ಇಲಿ, ಕಾಡಿನ ನಾಶ ಇವು ಅಲ್ಲಿ ಅದನ್ನು ಇಂದಿಗೂ ಕಾಡುತ್ತಿವೆ.

ಈ ಜೀವಿಗಳ ಆಹಾರಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು; ನಮ್ಮ ಪ್ರಶ್ನೆಯ ತಿರುಳು ಅಲ್ಲಿಯೇ ಇದೆ. ಕ್ರೆಸ್ಟೆಡ್ ಗೆಕ್ಕೊ ಮಾಗಿದ ಹಣ್ಣು, ಹೂವಿನ ಮಕರಂದ, ಕೀಟ ಎಲ್ಲವನ್ನೂ ತಿನ್ನುತ್ತದೆ. ಇದಕ್ಕಾಗಿ ಹಣ್ಣಿನ ಪುಡಿಯ ಸಿದ್ಧ ಆಹಾರಗಳು ಬಂದಿವೆ. ನೀರಿನಲ್ಲಿ ಕಲಸಿ ರಾತ್ರಿ ಇಟ್ಟರೆ ನೆಕ್ಕಿ ಬದುಕುತ್ತದೆ. ಆದರೆ ಈ ಬಗೆಯ ಪುಡಿಗಳಲ್ಲಿ ಕೆಲವಕ್ಕೆ ಮೊಟ್ಟೆಯ ಅಂಶವನ್ನೂ ಕೀಟದ ಪುಡಿಯನ್ನೂ ಸೇರಿಸುತ್ತಾರೆ. ಅತಿ ಹೆಚ್ಚಾಗಿ ಸಾಕಲ್ಪಡುವ ಲೆಪರ್ಡ್ ಗೆಕ್ಕೊ ಪಾಕಿಸ್ತಾನ, ಅಫಘಾನಿಸ್ತಾನ ಹಾಗೂ ವಾಯವ್ಯ ಭಾರತದ ಒಣನೆಲಗಳದು. ಅದು ಹಣ್ಣನ್ನು ಮುಟ್ಟುವುದಿಲ್ಲ. ಚಲಿಸುವ ಕೀಟವೇ ಅದರ ಆಹಾರ. ಆದುದರಿಂದ ಜೀರುಂಡೆ, ಜಿರಳೆ, ಹಿಟ್ಟಿನ ಹುಳುಗಳನ್ನು ಸಾವಿರ ಲೆಕ್ಕದಲ್ಲಿ ಬೆಳೆಸಿ ಮಾರುವ ಉದ್ಯಮವೇ ಬೆಳೆದಿದೆ. ಕೊಡುವ ಮುನ್ನ ಒಂದೆರಡು ದಿನ ಆ ಕೀಟಗಳಿಗೆ ಸೊಪ್ಪು, ಧಾನ್ಯ, ಗೆಡ್ಡೆಗಳನ್ನು ಪುಷ್ಕಳವಾಗಿ ಉಣಿಸುತ್ತಾರೆ. ಅವುಗಳ ಹೊಟ್ಟೆಯ ಸತ್ತ್ವ ಹಲ್ಲಿಗೆ ಸೇರಲೆಂದು. ಬಳಿಕ ಅವುಗಳ ಮೈಗೆ ಸುಣ್ಣದಂಶದ ಪುಡಿಯನ್ನೂ ‘ಡಿ3’ ಜೀವಸತ್ತ್ವವನ್ನೂ ಸವರುತ್ತಾರೆ. ಇದನ್ನು ಮಾಡದಿದ್ದರೆ ಗೆಕ್ಕೊವಿನ ಎಲುಬು ಮೆತ್ತಗಾಗಿ ಬಾಗುತ್ತದೆ. ಬಲಿಯ ಪಶುವಿಗೆ ಹಿಂದಿನ ದಿನ ಮೃಷ್ಟಾನ್ನ ಇಕ್ಕುವ ಪದ್ಧತಿ ಇಲ್ಲಿ ಶಾಸ್ತ್ರೀಯವಾದ ಪೋಷಣೆಯ ಹೆಸರಿನಲ್ಲಿ ನಡೆಯುತ್ತದೆ.

ಗೃಹಸ್ಥನ ಅಹಿಂಸಾಣುವ್ರತವು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ವರ್ಜಿಸುತ್ತದೆ. ಅಡಿಗೆ, ಬೇಸಾಯ, ಉದ್ಯೋಗಗಳಲ್ಲಿ ಎಚ್ಚರವಿದ್ದೂ ತಪ್ಪದ ಹಿಂಸೆ ಬೇರೆ. ಕೊಲ್ಲಿಸಬೇಕೆಂದೇ ಕೈಗೊಂಡದ್ದು ಬೇರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು, ಅನ್ನಪಾನ ನಿರೋಧ. ಇವನ್ನು ಗಾಜಿನ ಪೆಟ್ಟಿಗೆಗೆ ಅನ್ವಯಿಸಿ ನೋಡೋಣ. ಗೆಕ್ಕೊವನ್ನು ಕೂಡಿಹಾಕಿದೊಡನೆ ಬಂಧವಾಯಿತು. ಕೀಟಾಹಾರಿಯಾದ ಅದಕ್ಕೆ ಕೀಟ ಕೊಡದಿದ್ದರೆ ಅನ್ನಪಾನ ನಿರೋಧ; ಕೊಟ್ಟರೆ ತ್ರಸಜೀವಿಯ ಸಂಕಲ್ಪೀ ಹಿಂಸೆ. ಸಾಕುವವನಿಗೆ ಎರಡರ ನಡುವೆ ಮೂರನೆಯ ದಾರಿ ಇಲ್ಲ. ಪೆಟ್ಟಿಗೆಯ ಬಾಗಿಲು ಮುಚ್ಚಿದ ಕ್ಷಣದಲ್ಲಿ ಅವನು ತಾನೇ ಈ ಇಕ್ಕಟ್ಟಿಗೆ ಸಿಲುಕಿಕೊಂಡಿರುತ್ತಾನೆ.

ಗೋಡೆಯ ಹಲ್ಲಿಯೂ ಸೊಳ್ಳೆಯನ್ನು ನುಂಗುತ್ತದೆಯಲ್ಲ, ಅದರ ಪಾಪ ಮನೆಯವನಿಗೆ ಏಕಿಲ್ಲ ಎಂದು ಯಾರಾದರೂ ಕೇಳಬಹುದು. ಉತ್ತರ ನಮ್ಮ ಪರಂಪರೆಯಲ್ಲಿ ಸ್ಪಷ್ಟವಿದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಒಂದರಿಂದಲೂ ನಾವು ಆ ಸೊಳ್ಳೆಯ ಸಾವಿಗೆ ಕಾರಣರಲ್ಲ. ಜೀರುಂಡೆಯನ್ನು ಎಣಿಸಿ ಕೊಂಡು ತಂದು ಹಲ್ಲಿಯ ಮುಂದೆ ಬಿಟ್ಟವನಾದರೋ ಕಾರಿತಕ್ಕೆ ಹೊಣೆಗಾರನು. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಸಂಕಲ್ಪ ಮಾತ್ರದಿಂದ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತೊಳಲಿದರು. ಜೀವವೇ ಇಲ್ಲದ ಕೋಳಿಯ ವಿಷಯದಲ್ಲಿ ಹೀಗಾದರೆ, ಜೀವವಿದ್ದು ಚಿಮ್ಮಿ ಓಡುವ ಕೀಟದ ವಿಷಯದಲ್ಲಿ ಹೇಳುವುದೇನು?

ಇದು ನಾವು ಹೊಸದಾಗಿ ಹುಟ್ಟಿಸಿದ ಚಿಂತೆಯೂ ಅಲ್ಲ. ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷಾ ಗ್ರಂಥದಲ್ಲಿ ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಆಯುಧಗಳ ಮಾರಾಟದೊಡನೆ ಸೇರಿಸಿ ಅನರ್ಥದಂಡವೆಂದು ಗಣಿಸಲಾಗಿದೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು 12ನೆಯ ಶತಮಾನದ ತಮ್ಮ ಯೋಗಶಾಸ್ತ್ರದಲ್ಲಿ ಹಣಕ್ಕಾಗಿ ಗಿಳಿ, ಗೊರವಂಕ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನು ಸಾಕುವುದನ್ನು ಶ್ರಾವಕನು ಬಿಡಬೇಕಾದ ವೃತ್ತಿಗಳಲ್ಲಿ ಸೇರಿಸಿದ್ದಾರೆ. ಹಣಕ್ಕಾಗಿ ಸಾಕಿದಾಗ ಏನಾಗುವುದೆಂಬುದಕ್ಕೆ ಲೆಪರ್ಡ್ ಗೆಕ್ಕೊವಿನಲ್ಲೇ ನಿದರ್ಶನವಿದೆ. ನಿಂಬೆಹಳದಿಯ ಹೊಳಪಿಗಾಗಿ ‘ಲೆಮನ್ ಫ್ರಾಸ್ಟ್’ ಎಂಬ ತಳಿಯನ್ನು ಬೆಳೆಸಿದರು. ಅದರಲ್ಲಿ 80%ಕ್ಕೂ ಹೆಚ್ಚಿನವಕ್ಕೆ ಚರ್ಮದಲ್ಲಿ ಗಂತಿಗಳು ಹುಟ್ಟುತ್ತವೆಂದೂ, ಬಣ್ಣವನ್ನು ಕೊಟ್ಟ ಜೀನ್ ದೋಷವೇ ರೋಗಕ್ಕೂ ಮೂಲವಾಗಿರಬೇಕೆಂದೂ 2021ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ನೋಡುವವನ ಕಣ್ಣಿಗೆ ಸೊಬಗು. ಹೊರುವ ಜೀವಕ್ಕೆ ವ್ಯಾಧಿ.

ಜೀವಮಾನವೆಲ್ಲ ತಕ್ಕಡಿ ಹಿಡಿದ ನನ್ನಂಥವನಿಗೆ ಈ ಹವ್ಯಾಸದಲ್ಲಿ ಇನ್ನೊಂದು ಅಂಶ ಕಾಣುತ್ತದೆ. ಬಟ್ಟೆಗೋ ಬೇಳೆಗೋ ಬೆಲೆ ಏರಿದರೆ ಉತ್ಪಾದನೆ ಹೆಚ್ಚಿ, ಕಾಲಕ್ರಮದಲ್ಲಿ ಬೆಲೆ ಇಳಿಯುತ್ತದೆ. ಕಾಡಿನ ವಿರಳ ಜೀವಿಯ ವ್ಯಾಪಾರದಲ್ಲಿ ಈ ನಿಯಮ ತಲೆಕೆಳಗಾಗುತ್ತದೆ. ವಿರಳವೆಂದು ಬೆಲೆ ಏರುತ್ತದೆ. ಬೆಲೆ ಏರಿತೆಂದು ಇನ್ನಷ್ಟು ಹಿಡಿಯುತ್ತಾರೆ. ಹಿಡಿದಷ್ಟೂ ಮತ್ತೆ ವಿರಳವಾಗುತ್ತದೆ. 1999ರಲ್ಲಿ ದಕ್ಷಿಣ ಚೀನಾದಿಂದ ‘ಗೋನಿಯುರೊಸಾರಸ್ ಲುಯಿ’ ಎಂಬ ಗೆಕ್ಕೊವನ್ನು ವಿಜ್ಞಾನಿಗಳು ವರ್ಣಿಸಿ, ಸಿಕ್ಕ ಸ್ಥಳವನ್ನೂ ಬರೆದರು. ಆ ಬರಹವೇ ಹಿಡಿಯುವವರಿಗೆ ದಾರಿ ತೋರಿತು. ಒಂದೊಂದು ಜೀವಿ 1,500ರಿಂದ 2,000 ಡಾಲರಿಗೆ ಮಾರಿಹೋಗಿ, ಆ ಸ್ಥಳದಲ್ಲಿ ಅದು ಇಲ್ಲವಾಯಿತು. ಜ್ಞಾನದಾನವೂ ಹಿಂಸೆಗೆ ಉಪಕರಣವಾಗಬಹುದೆಂದು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿಜ್ಞಾನಿಗಳೇ ಎಚ್ಚರಿಸಬೇಕಾಯಿತು. ಮುಂದೆ ಹೊಸ ಜಾತಿಗಳನ್ನು ವರ್ಣಿಸುವಾಗ ಕೆಲವರು ಊರಿನ ಹೆಸರನ್ನು ಗುಪ್ತವಾಗಿಟ್ಟರು.

ತಾಂಜಾನಿಯಾದ ಕಿಂಬೋಜಾ ಕಾಡಿನ ಸುತ್ತಮುತ್ತ ಉಜ್ಜ್ವಲ ನೀಲಿಬಣ್ಣದ ಒಂದು ಕಿರುಗೆಕ್ಕೊ ಇದೆ. ನಮ್ಮ ಕೇದಗೆಯ ಕುಲಕ್ಕೆ ಸೇರಿದ ಮರಗಳ ಎಲೆಗಳ ಸಂದಿಯಲ್ಲಿ ಅದರ ವಾಸ. 2004ರ ಡಿಸೆಂಬರಿನಿಂದ 2009ರ ಜುಲೈವರೆಗೆ ಹಿಡಿಯುವವರ ಒಂದೇ ತಂಡ 32,310ರಿಂದ 42,610ರಷ್ಟು ಗೆಕ್ಕೊಗಳನ್ನು ಒಯ್ದಿತೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಕೈಗೆ ಎಟುಕದವನ್ನು ಹಿಡಿಯಲು ಮರಗಳನ್ನೇ ಕಡಿದರು. 2016ರಲ್ಲಿ ‘ಸೈಟಿಸ್’ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಇದನ್ನು ಸೇರಿಸಿ, ಕಾಡಿನಿಂದ ಹಿಡಿದವುಗಳ ವ್ಯಾಪಾರವನ್ನು ನಿಷೇಧಿಸಲಾಯಿತು. ಪರಿಗ್ರಹವು ಹಿಂಸೆಯ ತಾಯಿ ಎಂಬ ನಮ್ಮ ಹಿರಿಯರ ತಿಳಿವಳಿಕೆಗೆ ಆ ಕಡಿದ ಮರಗಳೇ ಸಾಕ್ಷಿ.

ಹಾಗಾದರೆ ವಿರಳ ಜೀವಿಯನ್ನು ಪ್ರೀತಿಸುವ ಬೇರೆ ಬಗೆ ಇಲ್ಲವೇ? ಇದೆ. ಕೆರಿಬಿಯನ್ ಸಮುದ್ರದ ಯೂನಿಯನ್ ದ್ವೀಪದಲ್ಲಿ 2005ರಲ್ಲಿ ಗೊತ್ತಾದ ಒಂದು ಪುಟ್ಟ ಗೆಕ್ಕೊ, ಸುಮಾರು 50 ಹೆಕ್ಟೇರ್ ಕಾಡಿನಲ್ಲಿ ಮಾತ್ರ ಜೀವಿಸುತ್ತದೆ. ಕಳ್ಳಸಾಗಣೆಯಿಂದ ಕುಗ್ಗಿ 2018ರಲ್ಲಿ ಅದರ ಸಂಖ್ಯೆ ಸುಮಾರು 10,000ಕ್ಕೆ ಇಳಿದಿತ್ತು. 2019ರಲ್ಲಿ ಅದೂ ಸೈಟಿಸ್ ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಸೇರಿತು. ದ್ವೀಪದ ಜನರೇ ಕಾಡಿಗೆ ಕಾವಲು ನಿಂತರು. 2022ರಲ್ಲಿ ಎಣಿಸಿದಾಗ ಸಂಖ್ಯೆ ಸುಮಾರು 18,000ಕ್ಕೆ ಏರಿತ್ತು. ಅವರು ಗೆಕ್ಕೊವನ್ನು ಮನೆಗೊಯ್ದು ಉಣಿಸಲಿಲ್ಲ. ಅದು ತನ್ನ ಪಾಡಿಗೆ ಉಣ್ಣುವ ನೆಲೆಯನ್ನು ಕಾದರು. ಇದು ಅಭಯದಾನ.

ನಮ್ಮ ಸಮಾಜದ ಸಂಸ್ಥೆಗಳೂ ಇದೇ ವಿವೇಕವನ್ನು ತೋರಿವೆ. ಗುಜರಾತಿನ ಕೆಲವು ಪಾಂಜರಾಪೋಳಗಳಲ್ಲಿ ‘ಜೀವಾತ್‌ಖಾನಾ’ ಎಂಬ ಕೋಣೆಗಳಿದ್ದವು. ಕಾಳುಕಡಿಯಲ್ಲಿ ಸಿಕ್ಕ ಹುಳುಗಳನ್ನು ಅಲ್ಲಿಗೆ ತಂದು ಬಿಟ್ಟು, ಅವುಗಳಿಗೆ ಧಾನ್ಯವನ್ನೂ ಇಡುತ್ತಿದ್ದರು. ದೆಹಲಿಯ ಲಾಲ್ ಮಂದಿರದ ಪಕ್ಷಿಚಿಕಿತ್ಸಾಲಯದಲ್ಲಿ ಮಾಂಸಾಹಾರಿ ಹಕ್ಕಿಗಳಿಗೂ ಚಿಕಿತ್ಸೆ ಕೊಡುತ್ತಾರೆ. ಆದರೆ ಅವನ್ನು ಒಳರೋಗಿಗಳಾಗಿ ಇರಿಸಿಕೊಳ್ಳುವ ಪದ್ಧತಿ ಇಲ್ಲ. ಗಾಯಕ್ಕೆ ಮದ್ದು ಎಲ್ಲರಿಗೂ ಉಂಟು. ಒಂದು ಜೀವವನ್ನು ಉಳಿಸಲು ಇನ್ನೊಂದನ್ನು ಕೊಂಡು ತಂದು ಬಡಿಸುವ ಹೊಣೆ ಮಾತ್ರ ಬೇಡ ಎಂಬುದು ಅದರ ಅರ್ಥ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಯಿತು. ಸೈಟಿಸ್ ಪಟ್ಟಿಯ ವಿದೇಶೀ ಜೀವಿಗಳು ಅದರ ನಾಲ್ಕನೆಯ ಅನುಸೂಚಿಗೆ ಸೇರಿದವು. ಅವನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂದು 2024ರಲ್ಲಿ ನಿಯಮಗಳೂ ಬಂದವು. ಕಾನೂನು ಪಟ್ಟಿಯಲ್ಲಿರುವುದನ್ನು ಮಾತ್ರ ಕೇಳುತ್ತದೆ. ವ್ರತವು ಪಟ್ಟಿಯಲ್ಲಿಲ್ಲದ ಜೀರುಂಡೆಯನ್ನೂ ಕೇಳುತ್ತದೆ.

ಈಗಾಗಲೇ ಮಕ್ಕಳ ಆಸೆಗೆಂದು ಇಂತಹ ಜೀವಿಯನ್ನು ಮನೆಗೆ ತಂದಿರುವವರು ಏನು ಮಾಡಬೇಕು? ಪಶ್ಚಾತ್ತಾಪದ ಭರದಲ್ಲಿ ಅದನ್ನು ಬಯಲಿಗೆ ಬಿಡುವುದು ದಯೆಯಲ್ಲ. ಒಂದೋ ಅದು ಸಾಯುತ್ತದೆ, ಇಲ್ಲವೆ ಬದುಕಿ ಇಲ್ಲಿಯ ಜೀವಿಗಳಿಗೆ ಕಂಟಕವಾಗುತ್ತದೆ. ನ್ಯೂ ಕ್ಯಾಲಿಡೋನಿಯಾದ ಬೆಂಕಿ ಇರುವೆಯ ಪಾಠವೂ ಅದೇ. ಅದನ್ನು ಉಪವಾಸ ಕೆಡವುವುದಂತೂ ಸ್ಪಷ್ಟವಾಗಿ ಅನ್ನಪಾನ ನಿರೋಧ. ಹೊಸದನ್ನು ಕೊಳ್ಳದೆ, ಮರಿ ಮಾಡಿಸದೆ, ಮಾರದೆ, ಅರಣ್ಯ ಇಲಾಖೆಯನ್ನೋ ಪ್ರಾಣಿಸಂಗ್ರಹಾಲಯವನ್ನೋ ಕೇಳಿ, ಅರಿತವರ ವಶಕ್ಕೆ ಅದನ್ನು ಒಪ್ಪಿಸಬೇಕು. ಅದುವರೆಗೆ ಅದರ ಶೀತೋಷ್ಣವನ್ನೂ ನೀರನ್ನೂ ಆಹಾರವನ್ನೂ ತಪ್ಪದೆ ನೋಡಿಕೊಳ್ಳಬೇಕು. ಅದರಲ್ಲಿ ಸೇರುವ ದೋಷವನ್ನು ದೋಷವೆಂದೇ ಅರಿತು ಪ್ರತಿಕ್ರಮಣದಲ್ಲಿ ನೆನೆಯಬೇಕು. ಅದಕ್ಕೆ ಪ್ರಾಣಿಪ್ರೇಮವೆಂಬ ಹೆಸರಿಟ್ಟು ಮರೆಮಾಚಬಾರದು.

ಮಕ್ಕಳಿಗೆ ಜೀವಿಗಳ ಮೇಲಿನ ಕುತೂಹಲ ಸಹಜವಾದುದು, ಅದನ್ನು ಚಿವುಟಬೇಕಾಗಿಲ್ಲ. ಸಂಜೆ ದೀಪದ ಬಳಿ ಬರುವ ಹಲ್ಲಿಯನ್ನು ದೂರದಿಂದ ತೋರಿಸೋಣ. ಅದರ ಬೆರಳುಗಳ ಕೆಳಗಿನ ಅತಿಸೂಕ್ಷ್ಮ ರೋಮಗಳು ನುಣುಪಾದ ಗೋಡೆಯನ್ನೂ ಹೇಗೆ ಹಿಡಿಯುತ್ತವೆಂದು ಹೇಳೋಣ. ರೆಪ್ಪೆಯಿಲ್ಲದ ಕಣ್ಣುಗಳಿಂದ ಅದು ಇರುಳಿನಲ್ಲಿ ನೋಡುವ ಪರಿಯನ್ನು ವಿವರಿಸೋಣ. ತನ್ನದಾಗಿಸಿಕೊಳ್ಳದೆ ನೋಡಿ ಸಂತೋಷಪಡುವುದನ್ನು ಬಾಲ್ಯದಲ್ಲೇ ಕಲಿತವನಿಗೆ ಮುಂದೆ ಪರಿಗ್ರಹಪರಿಮಾಣ ವ್ರತವು ಭಾರವೆನಿಸುವುದಿಲ್ಲ.