ಕಾಯ್ದಿರಿಸಿದ ಮೇಲೆ ಇಳಿದ ದರ

ಅಟ್ಲಾಂಟಿಕ್ ದಾಟಿಸುವ ಹಡಗು ಕಂಪನಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ‘ಕಾನ್ಫರೆನ್ಸ್’ ಎಂಬ ಕೂಟಗಳನ್ನು, ಎಂದರೆ ಗೊತ್ತುಪಡಿಸಿದ ದರಕ್ಕಿಂತ ಕಡಿಮೆಗೆ ಯಾರೂ ಟಿಕೆಟ್ ಮಾರಬಾರದೆಂಬ ಒಡಂಬಡಿಕೆಗಳನ್ನು ಕಟ್ಟಿಕೊಂಡಿದ್ದವು. ಕ್ಯೂನಾರ್ಡ್ ಕಂಪನಿಯು ಕೂಟದಿಂದ ಹೊರಬಂದು, ಫಿಯೂಮೆ ಬಂದರಿನಿಂದ ವಲಸಿಗರನ್ನು ಒಯ್ಯಲು ಹಂಗೇರಿ ಸರ್ಕಾರದೊಡನೆ ಕರಾರು ಮಾಡಿಕೊಂಡಾಗ ಎದ್ದ 1904ರ ದರಸಮರದಲ್ಲಿ, ಬ್ರಿಟನ್ನಿನಿಂದ ಅಮೆರಿಕಕ್ಕೆ ‘ಸ್ಟೀರೇಜ್’, ಅಂದರೆ ಹಡಗಿನ ಕೆಳ ಅಂತಸ್ತಿನ ಅತ್ಯಂತ ಅಗ್ಗದ ದರ್ಜೆಯ ಶುಲ್ಕ 2 ಪೌಂಡಿನಷ್ಟಕ್ಕೆ ಕುಸಿಯಿತು. ಅಮೆರಿಕದಲ್ಲಿ ನೆಲೆಸಿದವರು ಊರಿನ ಬಂಧುಗಳಿಗೆ ಮುಂಗಡವಾಗಿಯೇ ಹಣ ತೆತ್ತು ಟಿಕೆಟ್ ಕಳುಹಿಸುವ ರೂಢಿ ಆಗ ವ್ಯಾಪಕವಾಗಿತ್ತಾದ್ದರಿಂದ, ಕುಸಿತಕ್ಕೆ ಮುನ್ನ ಕೊಂಡವರ ಹೊಟ್ಟೆಯುರಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

1958ರಲ್ಲಿ ಜೆಟ್ ವಿಮಾನಗಳು ಅದೇ ಸಾಗರವನ್ನು ದಾಟತೊಡಗಿದ ಮೇಲೆ ಹಡಗುಗಳು ವಿಹಾರದ ಕಡೆಗೆ ಹೊರಳಿದವು. ಕಾರ್ನಿವಲ್ ಕಂಪನಿ ತನ್ನ ಮೊದಲ ಹಡಗನ್ನು, ಹಳೆಯ ಸಾಗರಯಾನದ ನೌಕೆಯನ್ನೇ ಕೊಂಡು, 1972ರಲ್ಲಿ ಮಯಾಮಿಯಿಂದ ಹೊರಡಿಸಿತು. ಖಾಲಿ ಕೋಣೆಯೊಡನೆ ಲಂಗರು ಎತ್ತಿದರೆ ಆ ಕೋಣೆಯ ಆದಾಯ ಶಾಶ್ವತವಾಗಿ ನಷ್ಟವೆಂಬ ಕಾರಣದಿಂದ, ಬೇಡಿಕೆ ನೋಡಿ ದರ ಏರಿಳಿಸುವ ವಿಮಾನಯಾನದ ವಿಧಾನವನ್ನು ಹಡಗಿನವರೂ ಅಳವಡಿಸಿಕೊಂಡರು. ಇದರ ಉಪಫಲವಾಗಿ ಅಮೆರಿಕದ ಮಾರುಕಟ್ಟೆಯಲ್ಲಿ ಒಂದು ಪದ್ಧತಿ ಬೇರೂರಿತು: ಮುಂಗಡ ಕಟ್ಟಿದವರು, ಪೂರ್ತಿ ಹಣ ಸಲ್ಲಿಸಬೇಕಾದ ಗಡುವಿನ ಒಳಗೆ ದರ ಇಳಿದರೆ, ಸಾಮಾನ್ಯವಾಗಿ ಹೊಸ ದರವನ್ನೇ ಪಡೆಯಬಹುದು; ಗಡುವು ದಾಟಿದ ಬಳಿಕವಾದರೆ ಹೆಚ್ಚೆಂದರೆ ಹಡಗಿನಲ್ಲೇ ಖರ್ಚುಮಾಡಬೇಕಾದ ಜಮೆಯೋ ಮೇಲ್ದರ್ಜೆಯ ಕೋಣೆಯೋ ದಕ್ಕೀತು. ಎರಡೂ ಸಂದರ್ಭಗಳಲ್ಲಿ ಇಳಿಕೆಯನ್ನು ಗಮನಿಸಿ ಕೇಳುವ ಹೊಣೆ ಬಹುಮಟ್ಟಿಗೆ ಪ್ರಯಾಣಿಕರದೇ, ಇಲ್ಲವೇ ಅವರ ಏಜೆಂಟರದು.