ನಿಂತಲ್ಲೇ ನಡೆಯುವ ಪೈಪೋಟಿ: ಗಣಕದೊಳಗಿನ ಕಾಡು ಮತ್ತು ಕೊಡಗಿನ ಉಪ್ಪಂಗಳ

ಮರ, ಕಲ್ಲುಹೂವು, ಹವಳ, ಕಡಲತೀರದ ಬಂಡೆಗೆ ಕಚ್ಚಿಕೊಂಡ ಚಿಪ್ಪುಜೀವಿ ಇವೆಲ್ಲ ಒಮ್ಮೆ ನೆಲೆಯೂರಿದರೆ ಮತ್ತೆ ಜಾಗ ಬದಲಿಸುವುದಿಲ್ಲ. ಮೇವು ಸಾಲದಿದ್ದರೆ ಪ್ರಾಣಿ ಬೇರೆಡೆಗೆ ಹೋದೀತು, ಮರಕ್ಕೆ ಆ ದಾರಿಯಿಲ್ಲ. ಅದಕ್ಕೆ ದಕ್ಕುವ ಬೆಳಕು, ನೀರು, ಆಯುಸ್ಸು ಎಲ್ಲವನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಅಕ್ಕಪಕ್ಕದ ಮರಗಳು. ಹೀಗಾಗಿ ಸ್ಥಾವರ ಜೀವಿಗಳ ಪೈಪೋಟಿ ಮೊದಲಿಗೆ ಜಾಗದ ಪೈಪೋಟಿ. ಕಾಡಿನಲ್ಲಿ ಇದು ಶತಮಾನಗಳ ಕಾಲ ನಡೆಯುತ್ತದೆ. ಒಬ್ಬ ಸಂಶೋಧಕನ ಆಯುಸ್ಸಿನಲ್ಲಿ ಅದರ ಒಂದು ತುಣುಕು ಮಾತ್ರ ಕಣ್ಣಿಗೆ ಬೀಳುತ್ತದೆ. ಉಳಿದುದನ್ನು ಊಹಿಸಿ ಪರೀಕ್ಷಿಸಲು ಗಣಕದ ನೆರವು ಬೇಕಾಯಿತು.

1920ರ ದಶಕದಲ್ಲಿ ಲೋಟ್ಕಾ ಮತ್ತು ವೋಲ್ಟೆರಾ ಎಂಬ ಗಣಿತಜ್ಞರು ಪೈಪೋಟಿಯನ್ನು ಸಮೀಕರಣಗಳಲ್ಲಿ ಬರೆದರು. ಅವುಗಳಲ್ಲಿ ಇದ್ದದ್ದು ಜೀವಿಗಳ ಸಂಖ್ಯೆ ಮಾತ್ರ, ಅವು ಎಲ್ಲಿವೆ ಎಂಬುದಕ್ಕೆ ಲೆಕ್ಕವಿರಲಿಲ್ಲ. ಪ್ರತಿಯೊಂದು ಜೀವಿಯೂ ಉಳಿದೆಲ್ಲದರೊಡನೆ ಸಮನಾಗಿ ಸೆಣಸುತ್ತದೆ ಎಂಬುದು ಆ ಗಣಿತದ ಒಳನಂಬಿಕೆ. ಬಂಡೆಗೆ ಅಂಟಿದ ಜೀವಿಗೆ ಈ ಮಾತು ಸಲ್ಲುವುದಿಲ್ಲ. 1961ರಲ್ಲಿ ಪರಿಸರವಿಜ್ಞಾನಿ ಜೋಸೆಫ್ ಕಾನೆಲ್ ಸ್ಕಾಟ್ಲೆಂಡಿನ ತೀರದಲ್ಲಿ ಚಿಪ್ಪುಜೀವಿಗಳಾದ ಎರಡು ಜಾತಿಯ ಬಾರ್ನಕಲ್‌ಗಳನ್ನು ಗಮನಿಸಿ, ಬೇಗ ಬೆಳೆಯುವ ಜಾತಿ ಪಕ್ಕದ ಇನ್ನೊಂದನ್ನು ಮುಚ್ಚಿ, ಕಿತ್ತು, ಬಂಡೆಯಿಂದಲೇ ಒಕ್ಕಲೆಬ್ಬಿಸುವುದನ್ನು ತೋರಿಸಿದರು.

ಜಾಗವನ್ನು ಗಣಕಕ್ಕೆ ತಿಳಿಸುವ ಉಪಾಯ ಬಂದದ್ದು ಗಣಿತದ ಕಡೆಯಿಂದ. 1940ರ ದಶಕದಲ್ಲಿ ಉಲಾಮ್ ಮತ್ತು ಫಾನ್ ನಾಯ್ಮನ್ ರೂಪಿಸಿದ ಕೋಶಜಾಲದಲ್ಲಿ ನೆಲವೆಂದರೆ ಚದುರಂಗದ ಮಣೆಯಂಥ ಮನೆಗಳ ಸಾಲು. ಪ್ರತಿ ಮನೆಯ ಮುಂದಿನ ಸ್ಥಿತಿಯನ್ನು ಅದರ ನೆರೆಮನೆಗಳು ನಿರ್ಧರಿಸುತ್ತವೆ. ಜಾನ್ ಕಾನ್ವೇಯ ‘ಗೇಮ್ ಆಫ್ ಲೈಫ್’ 1970ರಲ್ಲಿ ಈ ಬಗೆಯ ಜಾಲವನ್ನು ಮನೆಮಾತಾಗಿಸಿತು. ನೆರೆಯೇ ಗತಿಯನ್ನು ನಿರ್ಧರಿಸುವುದಕ್ಕೆ ಸಮುದ್ರಜೀವಿಗಳಲ್ಲಿ ಒಳ್ಳೆಯ ಉದಾಹರಣೆ ಸಿಕ್ಕಿತು. ಜಮೈಕಾದ ಹವಳದಿಬ್ಬಗಳ ತಳಭಾಗವನ್ನು ಪರಿಶೀಲಿಸಿದ ಜ್ಯಾಕ್ಸನ್ ಮತ್ತು ಬಸ್, ಅಲ್ಲಿನ ಪೈಪೋಟಿಗೆ ನೇರ ಏಣಿಶ್ರೇಣಿ ಇಲ್ಲದಿರುವುದನ್ನು 1970ರ ದಶಕದಲ್ಲಿ ಬರೆದರು. ಅ ಎಂಬ ಜೀವಿ ಆ ಎಂಬುದನ್ನು ಮುಚ್ಚುತ್ತದೆ, ಆ ಎಂಬುದು ಇ ಎಂಬುದನ್ನು, ಇ ಮತ್ತೆ ಅ ಎಂಬುದನ್ನು. 1981ರಲ್ಲಿ ಕಾರ್ಲ್ಸನ್ ಮತ್ತು ಜ್ಯಾಕ್ಸನ್ ಇಂಥ ಸುತ್ತುಸರಪಳಿಯನ್ನು ಗಣಕದಲ್ಲಿ ಓಡಿಸಿ, ಹಲವು ಜಾತಿಗಳು ಒಟ್ಟಿಗೆ ಉಳಿಯುವ ಬಗೆಯನ್ನು ಪರೀಕ್ಷಿಸಿದರು. ಎರಡು ದಶಕಗಳ ಬಳಿಕ, 2002ರಲ್ಲಿ, ಇದೇ ತತ್ತ್ವ ಬ್ಯಾಕ್ಟೀರಿಯಾಗಳಲ್ಲಿ ಪ್ರಯೋಗದಿಂದ ದೃಢಪಟ್ಟಿತು: ತಟ್ಟೆಯ ಮೇಲೆ ತಂತಮ್ಮ ಜಾಗದಲ್ಲಿದ್ದಾಗ ಮೂರು ತಳಿಗಳೂ ಉಳಿದವು, ಕಲಕಿದ ದ್ರವದಲ್ಲಿ ಒಂದೇ ಉಳಿಯಿತು.

ಕಾಡಿನ ಮಾದರಿಗಳು ಬೇರೆ ಹಾದಿಯಲ್ಲಿ ಬೆಳೆದವು. 1972ರಲ್ಲಿ ಬಾಟ್ಕಿನ್, ಜನಾಕ್ ಮತ್ತು ವಾಲಿಸ್ ಪ್ರಕಟಿಸಿದ ‘ಜಬೋವಾ’ ಒಂದೊಂದು ಮರವನ್ನೂ ಪ್ರತ್ಯೇಕವಾಗಿ ಬೆಳೆಸಿದ ಹೆಸರಾಂತ ಮೊದಲ ಮಾದರಿ. ಮರ ಹುಟ್ಟುತ್ತದೆ, ನೆರಳಿನಲ್ಲಿ ಸೊರಗುತ್ತದೆ, ಸಾಯುತ್ತದೆ. ದೊಡ್ಡ ಮರ ಬಿದ್ದಾಗ ಬೆಳಕಿನ ಕಿಂಡಿ ತೆರೆಯುತ್ತದೆ. ಆದರೆ ಲೆಕ್ಕಕ್ಕೆ ತೆಗೆದುಕೊಂಡ ತುಣುಕುನೆಲದೊಳಗೆ ಯಾವ ಮರ ಎಲ್ಲಿದೆ ಎಂಬುದು ಆ ಮಾದರಿಗೆ ಗೊತ್ತಿರಲಿಲ್ಲ. 1990ರ ದಶಕದಲ್ಲಿ ಪಕಾಲಾ ಮತ್ತು ಸಂಗಡಿಗರ ‘ಸಾರ್ಟಿ’ ಆ ಕೊರತೆ ತುಂಬಿತು. ಅದರಲ್ಲಿ ಪ್ರತಿ ಮರಕ್ಕೂ ಅದರದೇ ಸ್ಥಾನವಿತ್ತು, ಬೀಜ ಎಷ್ಟು ದೂರ ಬೀಳುತ್ತದೆ, ಸಸಿಗೆ ಎಷ್ಟು ಬೆಳಕು ತಲುಪುತ್ತದೆ ಎಂಬ ಲೆಕ್ಕವಿತ್ತು. ಈ ಕ್ಷೇತ್ರದ ನಿಜವಾದ ತಿರುವು ಇದೇ ಎನ್ನಬೇಕು. ಅಲ್ಲಿಂದ ಮುಂದೆ ಮಾದರಿಯ ಬೆಲೆ ನಿಂತದ್ದು ಅದಕ್ಕೆ ಉಣಿಸುವ ಅಳತೆಗಳ ಮೇಲೆ, ಮತ್ತು ಅಂಥ ಅಳತೆ ಸಿಗುವ ಉಷ್ಣವಲಯದ ಕಾಡುಗಳು ಕಡಿಮೆ.

ಕೊಡಗಿನ ಉಪ್ಪಂಗಳ ಮುಖ್ಯವಾಗುವುದು ಇಲ್ಲಿ. ಪಶ್ಚಿಮ ಘಟ್ಟದ ಬುಡದಲ್ಲಿ, ಕಡಮಕಲ್ ಮೀಸಲು ಅರಣ್ಯದ ನಿತ್ಯಹರಿದ್ವರ್ಣ ಕಾಡಿನಲ್ಲಿ, ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಕರ್ನಾಟಕ ಅರಣ್ಯ ಇಲಾಖೆಯ ಸಹಕಾರದಿಂದ ಶಾಶ್ವತ ಅಧ್ಯಯನ ತಾಣವೊಂದನ್ನು ಗುರುತಿಸಿ 1990ರಿಂದ ಮರಗಳನ್ನು ಅಳೆಯುತ್ತ ಬಂತು. ಸುತ್ತಳತೆ 30 ಸೆಂಟಿಮೀಟರ್ ಮೀರಿದ ಪ್ರತಿ ಮರಕ್ಕೂ ನಕ್ಷೆಯಲ್ಲಿ ಸ್ಥಾನ ಕೊಡಲಾಯಿತು. ಕಾಂಡಕ್ಕೆ ಲೋಹದ ಪಟ್ಟಿ ಸುತ್ತಿ ಬಿಗಿದರೆ, ಮರ ದಪ್ಪವಾದಂತೆ ಪಟ್ಟಿಯ ತುದಿ ಸರಿಯುತ್ತದೆ. ಸರಿದ ಆ ದೂರವೇ ವರ್ಷದ ಬೆಳವಣಿಗೆ. ಇಂಥ ಕಾಡಿನಲ್ಲಿ ಅದು ಎಷ್ಟೋ ಸಲ ಮಿಲಿಮೀಟರುಗಳ ಮಾತು. ಹೀಗೆ ದಾಖಲಾದ ಚಿತ್ರವನ್ನು ಪಾಸ್ಕಲ್ ಮತ್ತು ಪೆಲಿಸಿಯೆ 1996ರಲ್ಲಿ ಪ್ರಕಟಿಸಿದರು: 3.12 ಹೆಕ್ಟೇರಿನಲ್ಲಿ 91 ಜಾತಿಗಳು, ಹೆಕ್ಟೇರಿಗೆ ಸುಮಾರು 635 ಮರಗಳು. ಜಾತಿಗಳು ಇಷ್ಟಿದ್ದರೂ ಮೇಲುಗೈ ನಾಲ್ಕರದು, ಅವು ಎತ್ತರವನ್ನೂ ಹಂಚಿಕೊಂಡಿವೆ. ಕೆಳಹಂತದಲ್ಲಿ ಹುಂಬೋಲ್ಟಿಯಾ ಬ್ರೂನೋನಿಸ್, ನಡುವೆ ಕಾಡುಜಾಯಿಕಾಯಿಯ ಬಳಗದ ಮಿರಿಸ್ಟಿಕಾ ಡ್ಯಾಕ್ಟಿಲಾಯ್ಡಿಸ್, ಮೇಲ್ಚಾವಣಿಯಲ್ಲಿ ಧೂಪದ ಮರ, ಅದನ್ನೂ ಮೀರಿ ತಲೆಯೆತ್ತುವ ಡಿಪ್ಟೆರೊಕಾರ್ಪಸ್ ಇಂಡಿಕಸ್. ಸಮತಟ್ಟಾದ ಮಣೆಯಲ್ಲಿ ಯೋಚಿಸುವವರಿಗೆ ಜಾಗ ಎಂದರೆ ಉದ್ದಗಲ, ಇಲ್ಲಿ ಎತ್ತರವೂ ಜಾಗವೇ.

ಉಪ್ಪಂಗಳ ಕಲಿಸಿದ ಇನ್ನೊಂದು ಪಾಠ ಇಳಿಜಾರಿನದು. ಕಡಿದಾದ ಗುಡ್ಡದಲ್ಲಿ ಮರಕ್ಕೆ ಬೆಳಕು ಹೆಚ್ಚಾಗಿ ಸಿಗುವುದು ಕೆಳಬದಿಯಿಂದ, ಏಕೆಂದರೆ ಆ ಕಡೆಯ ನೆರೆಮರದ ತಲೆ ತಗ್ಗಿನಲ್ಲಿರುತ್ತದೆ. ಕೊಂಬೆರೆಂಬೆ ಅತ್ತ ಚಾಚುತ್ತದೆ, ಭಾರ ಒಂದೇ ಕಡೆಗೆ ವಾಲುತ್ತದೆ, ಒಂದು ಮಳೆಗಾಲ ಮರ ಇಳಿಜಾರಿನತ್ತ ಉರುಳಿ ಕೆಳಗಿನ ಮರಗಳನ್ನೂ ಕೆಡವುತ್ತದೆ. ಪೆಲಿಸಿಯೆ 1998ರಲ್ಲಿ ಇಲ್ಲಿನ ಮೂರು ಭಿನ್ನ ತುಣುಕುಗಳಲ್ಲಿ ಮರಗಳ ಹಂಚಿಕೆಯನ್ನು ವಿಶ್ಲೇಷಿಸಿದರು. ಮೊರಾವಿ ಮತ್ತು ಜೊತೆಗಾರರು 1997ರಲ್ಲಿ ಮೇಲ್ಚಾವಣಿಯ ಪುನರುತ್ಪತ್ತಿಗೆ, ರೊಬೇರ್ 2003ರಲ್ಲಿ ಇಳಿಜಾರು ಮತ್ತು ಮರಬೀಳುವಿಕೆಯ ಪರಿಣಾಮಕ್ಕೆ ಮಾದರಿ ಕಟ್ಟಿದರು. ಯಾವ ಮರ ಗೆದ್ದಿತು ಎಂಬುದನ್ನು ಜಾತಿಯ ಬಲದಿಂದ ಮಾತ್ರ ಹೇಳಲಾಗದು, ನೆಲದ ಓರೆಯನ್ನೂ ಕೇಳಬೇಕು ಎಂಬ ವಿಚಾರ ಹೀಗೆ ಲೆಕ್ಕಾಚಾರದೊಳಗೆ ಬಂತು. ಈ ಕ್ಷೇತ್ರಕ್ಕೆ ಕೊಡಗಿನ ಅತ್ಯಂತ ಬೆಲೆಯುಳ್ಳ ಕೊಡುಗೆ ಇದು. ಕಾಡು ಬದಲಾದರೆ ಲೆಕ್ಕವೂ ಬದಲಾಗುತ್ತದೆ: ನೀಲಗಿರಿಯ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1988ರಲ್ಲಿ ಗುರುತಿಸಿದ 50 ಹೆಕ್ಟೇರಿನ ತಾಣ ಒಣಕಾಡಿನದು. ಅಲ್ಲಿ ಬೆಂಕಿ ಮತ್ತು ಆನೆಗಳನ್ನು ಬಿಟ್ಟು ಲೆಕ್ಕ ಹಾಕಲಾಗದು.

ಕಾಡಿನಾಚೆ ನೋಡಿದರೆ, ಕೊಡಗಿನ ಮರಗಳಲ್ಲಿ ದೊಡ್ಡ ಪಾಲು ಕಾಫಿ ತೋಟದ ನೆರಳಿನವು. ಅಲ್ಲಿ ಪೈಪೋಟಿಯ ನಿಯಮ ಬೇರೆ. ನೆರಳು ತಗ್ಗಿಸಲು ಕೊಂಬೆ ಸವರುವ ಮರಗಸಿಯಲ್ಲಿ ಯಾವ ಕೊಂಬೆ ಉಳಿಯಬೇಕು, ಮೆಣಸಿನ ಬಳ್ಳಿ ಯಾವ ಮರಕ್ಕೆ ಹಬ್ಬಬೇಕು ಎಂದು ತೀರ್ಮಾನಿಸುವವರು ಬೆಳೆಗಾರರು. ಕಾನೂನಿಗೂ ಇದರಲ್ಲಿ ಪಾಲಿದೆ: ಕಾಡುಮರ ಕಡಿಯಲು ಅನುಮತಿ ಬೇಕು, ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ. ಆಸ್ಟ್ರೇಲಿಯಾದ ಈ ಮರ ಹಲವು ತೋಟಗಳಲ್ಲಿ ಹಳೆಯ ಕಾಡುಮರಗಳ ಜಾಗಕ್ಕೆ ಬಂದದ್ದರಲ್ಲಿ ಬೇಗ ಬೆಳೆಯುವ ಗುಣದಷ್ಟೇ ಈ ವಿನಾಯಿತಿಯೂ ಕಾರಣ. ಸಿಲ್ವರ್ ಓಕ್ ಮತ್ತು ನಾಡಮರಗಳ ಬೆಳವಣಿಗೆಯ ವೇಗವನ್ನು ಹೋಲಿಸಿದ ಅಧ್ಯಯನ 2011ರಲ್ಲಿ ಹೊರಬಂತು. ತೋಟದ ಮಾದರಿ ಕಟ್ಟುವವರು ಬೆಳಕು, ಇಳಿಜಾರಿನ ಜೊತೆಗೆ ಕತ್ತಿಯನ್ನೂ ಕಾಯಿದೆಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಇವಿಲ್ಲದ ಮಾದರಿ ಕೊಡಗಿನ ತೋಟದ ಬಗ್ಗೆ ತಪ್ಪು ಭವಿಷ್ಯ ಹೇಳುತ್ತದೆ.

ಉಪ್ಪಂಗಳದ 20 ವರ್ಷಗಳ ದತ್ತಾಂಶ 2011ರಲ್ಲಿ ‘ಇಕಾಲಜಿ’ ಪತ್ರಿಕೆಯ ಮೂಲಕ ಎಲ್ಲರ ಬಳಕೆಗೆ ತೆರೆಯಿತು. ಸಾಧಾರಣ ಗಣಕವೊಂದಿದ್ದರೆ ಪೊನ್ನಂಪೇಟೆಯ ಅರಣ್ಯ ಕಾಲೇಜಿನ ವಿದ್ಯಾರ್ಥಿಯೂ ಅದರ ಮೇಲೆ ತನ್ನ ಮಾದರಿಯನ್ನು ಓಡಿಸಿ ನೋಡಬಹುದು. ನೆರಳುಮರಗಳ ಜಾಗ, ಸುತ್ತಳತೆಯನ್ನು ಬೆಳೆಗಾರರು ವರ್ಷಕ್ಕೊಮ್ಮೆ ಬರೆದಿಟ್ಟರೆ ತೋಟಗಳಿಗೂ ಅಂಥದೇ ದಾಖಲೆ ಸಿದ್ಧವಾಗುತ್ತದೆ. ಆ ಕೆಲಸಕ್ಕೆ ಬೇಕಾದದ್ದು ಒಂದು ಅಳತೆಪಟ್ಟಿ, ಒಂದು ಪುಸ್ತಕ ಮತ್ತು ನಿಲ್ಲಿಸದ ಅಭ್ಯಾಸ.